ಗಡಿಯ ಎರಡು ಬದಿಯ ದಾಂಪತ್ಯ ನ್ಯಾಯ
(ಹೊಸೂರು–ಕೃಷ್ಣಗಿರಿ ಪ್ರದೇಶದ ದೃಷ್ಟಿಯಿಂದ ಒಂದು ಐತಿಹಾಸಿಕ ಅವಲೋಕನ)

ಹೊಸೂರಿನಿಂದ ಬೆಂಗಳೂರಿನ ಕಡೆಗೆ ಹೊರಟವರು ಜೂಜುವಾಡಿಯನ್ನು ದಾಟಿ ಅತ್ತಿಬೆಲೆಯನ್ನು ಸೇರಲು ಹೆಚ್ಚು ಹೊತ್ತು ಹಿಡಿಯದು. ಈ ಸ್ವಲ್ಪ ದೂರದಲ್ಲಿ ನೆಲದ ಬಣ್ಣ ಬದಲಾಗುವುದಿಲ್ಲ. ಹೊಲದ ರಾಗಿ ಬದಲಾಗುವುದಿಲ್ಲ. ಮನೆಯ ಮಾತೂ ಬದಲಾಗುವುದಿಲ್ಲ. ತಳಿಯ ಹೆಣ್ಣು ಆನೇಕಲ್ಲಿಗೆ ಸೊಸೆಯಾಗಿ ಹೋಗುವುದು, ಕನಕಪುರದ ಕಡೆಯ ಹೆಣ್ಣು ಡೆಂಕಣಿಕೋಟೆಗೆ ಬರುವುದು ನಮ್ಮ ಹಿರಿಯರ ಕಾಲದಿಂದ ನಡೆದು ಬಂದ ಬೀಗತನ. ಆದರೆ ಒಂದು ವಸ್ತು ಮಾತ್ರ ಈ ಗಡಿಯಲ್ಲಿ ಹಲವು ಸಾರಿ ಬದಲಾಗಿದೆ. ಅದೇ ದಾಂಪತ್ಯಕ್ಕೆ ಸಂಬಂಧಿಸಿದ ಕಾನೂನು. ಒಂದೇ ಕುಲದ, ಒಂದೇ ಭಾಷೆಯ, ಅಕ್ಕತಂಗಿಯರಂತಹ ಇಬ್ಬರು ಹೆಣ್ಣುಮಕ್ಕಳಿಗೆ ಮೈಲಿಕಲ್ಲಿನ ಈ ಬದಿಯಲ್ಲಿ ಒಂದು ಹಕ್ಕು, ಆ ಬದಿಯಲ್ಲಿ ಇನ್ನೊಂದು ಹಕ್ಕು ದೊರೆತಿದೆ.

ನಮ್ಮ ಪ್ರದೇಶದ ಶಾಸನಗಳನ್ನೂ ದೇವಾಲಯಗಳನ್ನೂ ಕುರಿತು ವಿದ್ವಾಂಸರು ಬರೆದಿದ್ದಾರೆ. ಮುಂದೆಯೂ ಬರೆಯಬೇಕಾದುದು ಬಹಳವಿದೆ. ಮನೆಯೊಳಗಿನ ಹೆಣ್ಣಿನ ಬಾಳನ್ನು ನ್ಯಾಯಸ್ಥಾನಗಳು ಹೇಗೆ ಕಂಡವು ಎಂಬುದೂ ಚರಿತ್ರೆಯೇ ಎಂದು ನಾವು ತಿಳಿದಿದ್ದೇವೆ. ಕಾನೂನು ಪಂಡಿತರಿಗೆ ಪಾಠ ಹೇಳುವುದು ನಮ್ಮ ಉದ್ದೇಶವಲ್ಲ. ತರಗತಿಯಲ್ಲಿ ಪ್ರತಿದಿನವೂ ಹಾಜರಿ ಕರೆಯುವ ಉಪಾಧ್ಯಾಯರಿಗೆ ಈ ಚರಿತ್ರೆ ತಿಳಿದಿರಬೇಕೆಂಬುದೇ ಉದ್ದೇಶ. ಅದರ ಕಾರಣವನ್ನು ಕೊನೆಯಲ್ಲಿ ನಿವೇದಿಸುತ್ತೇವೆ.

೧. ಗಡಿ ಬಿದ್ದ ಬಗೆ

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲ್ ಪ್ರಾಂತವು ಟಿಪ್ಪು ಸುಲ್ತಾನನಿಂದ ಇಂಗ್ಲಿಷ್ ಕಂಪೆನಿಯ ವಶವಾಯಿತು. ಘಟ್ಟದ ಮೇಲಿನ ಹೊಸೂರು ಸೀಮೆಯು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪೆನಿಗೆ ಸೇರಿತು. ಎರಡೂ ಸೇಲಂ ಜಿಲ್ಲೆಯ ಭಾಗಗಳಾದುವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿಯೂ ಈ ಪ್ರದೇಶ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಏರ್ಪಟ್ಟುವು.

ಇದರ ಫಲವಾಗಿ, ಹೊಸೂರಿನ ಹೆಣ್ಣೊಬ್ಬಳ ದಾವೆ ಸೇಲಮ್ಮಿನ ಮೂಲಕ 1862ರಲ್ಲಿ ಸ್ಥಾಪನೆಯಾದ ಮದರಾಸು ಹೈಕೋರ್ಟಿಗೆ ಹೋಗಬೇಕಾಗುತ್ತಿತ್ತು. ಆನೇಕಲ್ಲಿನ ಹೆಣ್ಣಿನ ದಾವೆ ಬೆಂಗಳೂರಿನಲ್ಲಿ 1884ರಲ್ಲಿ ಏರ್ಪಟ್ಟ ಮೈಸೂರು ಚೀಫ್ ಕೋರ್ಟಿಗೆ ಹೋಗುತ್ತಿತ್ತು. ಮನೆಗಳು ಹತ್ತಿರ, ನ್ಯಾಯ ದೂರ ಎನ್ನುವ ಸ್ಥಿತಿ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. ಕೋರ್ಟುಗಳು ಬರುವುದಕ್ಕೆ ಮುಂಚೆ ನಮ್ಮ ಹಳ್ಳಿಗಳಲ್ಲಿ ಹೆಣ್ಣಿಗೆ ಯಾವ ಸ್ವಾತಂತ್ರ್ಯವೂ ಇರಲಿಲ್ಲವೆಂದು ಭಾವಿಸುವುದು ಸರಿಯಲ್ಲ. ಮೈಸೂರು ಸೀಮೆಯ ಅನೇಕ ಒಕ್ಕಲು ಮಕ್ಕಳ ಕುಲಗಳಲ್ಲಿ ಗಂಡ ಸತ್ತವಳು ಅಥವಾ ಬಿಟ್ಟವಳು ಸೀರೆ ಉಡಿಕೆಯ ಕ್ರಮದಲ್ಲಿ ಮತ್ತೊಬ್ಬನ ಕೈಹಿಡಿಯುವ ಪದ್ಧತಿ ಇದ್ದಿತು. ಇದನ್ನು ಕೂಡಿಕೆ ಎಂದೂ ಕರೆಯುತ್ತಿದ್ದರು. ಕುಲದ ಯಜಮಾನರ ಮುಂದೆ ಬಿಡುಗಡೆಯಾಗುತ್ತಿತ್ತು. ಧರ್ಮಶಾಸ್ತ್ರದ ಮದುವೆಗೆ ವಿಚ್ಛೇದವೇ ಇಲ್ಲವೆಂದು ಇಂಗ್ಲಿಷ್ ನ್ಯಾಯಾಧೀಶರು ಪಂಡಿತರಿಂದ ತಿಳಿದುಕೊಂಡರು. ಅಂದಿನಿಂದ ರೂಢಿಯನ್ನು ಸಾಕ್ಷಿಸಮೇತ ಸಾಧಿಸಿ ತೋರಿಸುವ ಹೊರೆ ಬಡವರ ಮೇಲೆ ಬಿದ್ದಿತು. 1955ರ ಹಿಂದೂ ವಿವಾಹ ಕಾಯಿದೆಯ 29ನೆಯ ಪ್ರಕರಣವು ರೂಢಿಯ ವಿಚ್ಛೇದವನ್ನು ಉಳಿಸಿಕೊಟ್ಟಿರುವುದು ಈ ಪೂರ್ವಚರಿತ್ರೆಯ ಗುರುತಾಗಿದೆ.

ನಮ್ಮ ಸಾಹಿತ್ಯದಲ್ಲಿಯೂ ಎರಡು ಧಾರೆಗಳುಂಟು. ಅರಸನ ಅರಮನೆಯನ್ನು ತೊರೆದು ನಡೆದ ಅಕ್ಕಮಹಾದೇವಿಯನ್ನು ಹನ್ನೆರಡನೆಯ ಶತಮಾನದ ಶರಣರು ಹಿರಿಯಳೆಂದು ಒಪ್ಪಿಕೊಂಡರು. ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಆಶ್ರಯದಲ್ಲಿದ್ದ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದು ಪತಿವ್ರತೆಯ ನಡೆಯನ್ನು ವಿವರಿಸಿದಳು. ಆದರೂ ಹೆಣ್ಣನ್ನು ಹೀಗಳೆಯುವವರನ್ನು ಅದೇ ಕೃತಿಯಲ್ಲಿ ಪ್ರಶ್ನಿಸದೆ ಬಿಡಲಿಲ್ಲ. ಆದುದರಿಂದ ಸ್ತ್ರೀಸ್ವಾತಂತ್ರ್ಯದ ವಿಚಾರ ಹೊರಗಿನಿಂದ ಬಂದ ಸರಕೆಂದು ಯಾರೂ ಹೇಳುವಂತಿಲ್ಲ.

೨. ಮಕ್ಕಳ ಮದುವೆ

ಗಡಿಯ ವ್ಯತ್ಯಾಸ ಮೊದಲು ಸ್ಪಷ್ಟವಾಗಿ ಕಾಣಿಸಿಕೊಂಡುದು ಬಾಲ್ಯವಿವಾಹದಲ್ಲಿ. 1894ರಲ್ಲಿ ಮೈಸೂರು ಸಂಸ್ಥಾನವು ಶಿಶುವಿವಾಹ ತಡೆಯ ರೆಗ್ಯುಲೇಷನ್ನನ್ನು ಜಾರಿಗೆ ತಂದಿತು. ಎಂಟು ವರ್ಷ ತುಂಬದ ಹೆಣ್ಣಿನ ಮದುವೆಯೂ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧವೆನಿಸಿದುವು. ಇಂದಿನ ಕಣ್ಣಿಗೆ ಇದು ಅಲ್ಪವಾಗಿ ತೋರಬಹುದು. ಆದರೆ ಆಗ ಹೊಸೂರಿನ ಕಡೆ ಇಷ್ಟು ಕಾನೂನೂ ಇರಲಿಲ್ಲ. ಬ್ರಿಟಿಷ್ ಇಂಡಿಯದಲ್ಲಿ 1891ರ ಕಾಯಿದೆಯು ಸಹವಾಸಕ್ಕೆ ಹನ್ನೆರಡು ವರ್ಷದ ಮಿತಿಯನ್ನು ಹಾಕಿತೇ ಹೊರತು ಮದುವೆಯನ್ನು ಮುಟ್ಟಲಿಲ್ಲ. ಆ ಕಾಯಿದೆಗೆ ಪ್ರಚೋದನೆಯಾದುದು ಕಲ್ಕತ್ತೆಯ ಫೂಲ್‌ಮಣಿ ಎಂಬ ಬಾಲಿಕೆ ಗಂಡನ ಕೈಯಲ್ಲಿ ಸತ್ತ ದಾರುಣ ಪ್ರಕರಣ. ಶಾರದಾ ಕಾಯಿದೆ ಎಂದು ಹೆಸರಾದ ಶಾಸನ 1929ರಲ್ಲಿ ಅಂಗೀಕೃತವಾಗಿ 1930ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆಯೇ ಹೊಸೂರಿನ ಹೆಣ್ಣಿಗೆ ಹದಿನಾಲ್ಕು ವರ್ಷದ ರಕ್ಷಣೆ ದೊರೆಯಿತು. ಮೂವತ್ತಾರು ವರ್ಷಗಳ ಕಾಲ ಮೈಲಿಕಲ್ಲಿನ ಆಚೆಗೆ ಅಪರಾಧವಾಗಿದ್ದುದು ಈಚೆಗೆ ಮಂಗಳಕಾರ್ಯವಾಗಿ ನಡೆಯಿತು.

ಈ ವ್ಯತ್ಯಾಸ ಸ್ವಾತಂತ್ರ್ಯಾನಂತರ ಅಳಿಯಿತೆಂದು ತಿಳಿದವರಿಗೆ ಆಶ್ಚರ್ಯವಾಗಬಹುದು. 1978ರಲ್ಲಿ ಹೆಣ್ಣಿಗೆ ಹದಿನೆಂಟು ವರ್ಷವೆಂದು ದೇಶಕ್ಕೆಲ್ಲ ಒಂದೇ ಮಿತಿಯಾಯಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಇಂತಹ ಮದುವೆ ಸಾಮಾನ್ಯವಾಗಿ ತಾನಾಗಿಯೇ ರದ್ದಾಗುವುದಿಲ್ಲ. ಬಾಲ್ಯದಲ್ಲಿ ಮದುವೆಯಾದವರು ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಅದಕ್ಕೆ ವಯಸ್ಕರಾದ ಮೇಲೆ ಎರಡು ವರ್ಷದ ಅವಧಿ ಇದೆ. ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಇಂತಹ ಮದುವೆ ಮೊದಲಿನಿಂದಲೇ ಅಸಿಂಧುವೆಂದು ಸಾರಿತು. ತಮಿಳುನಾಡಿನಲ್ಲಿ ಕೇಂದ್ರದ ಕ್ರಮವೇ ನಡೆದುಬಂದಿದೆ. ಇಲ್ಲಿ ಮದರಾಸು ಹೈಕೋರ್ಟಿನ ಪೂರ್ಣಪೀಠವು 2011ರಲ್ಲಿ ಒಂದು ಮುಖ್ಯ ತೀರ್ಪನ್ನು ಕೊಟ್ಟಿತು. ಹದಿನೆಂಟು ತುಂಬದ ಹುಡುಗಿಯ ಮದುವೆ ರದ್ದಾಗುವವರೆಗೆ ನಿಂತಿದ್ದರೂ ಅದು ಪೂರ್ಣಾರ್ಥದಲ್ಲಿ ಸಿಂಧುವಾದ ಮದುವೆಯಲ್ಲ. ಅವಳನ್ನು ತನ್ನ ವಶಕ್ಕೆ ಕೊಡಬೇಕೆಂದು ಗಂಡನು ಕೇಳುವಂತಿಲ್ಲ ಎಂಬುದು ಅದರ ಸಾರ.

2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮದನ್ ಲೋಕೂರ್ ಮತ್ತು ನ್ಯಾಯಮೂರ್ತಿ ದೀಪಕ್ ಗುಪ್ತ ಅವರು ಇನ್ನೂ ಮುಂದಕ್ಕೆ ಹೋದರು. ಹದಿನೈದು ದಾಟಿದ ಹೆಂಡತಿಯ ವಿಷಯದಲ್ಲಿ ಗಂಡನ ಬಲಾತ್ಕಾರ ಅಪರಾಧವಲ್ಲವೆಂದು ದಂಡಸಂಹಿತೆಯಲ್ಲಿದ್ದ ವಿನಾಯಿತಿಯನ್ನು ಅವರು ಹದಿನೆಂಟಕ್ಕೆ ಏರಿಸಿದರು. ಕರ್ನಾಟಕದ ದಾರಿಯನ್ನು ಇತರ ರಾಜ್ಯಗಳೂ ಹಿಡಿಯುವುದು ವಿವೇಕವೆಂದು ಆ ತೀರ್ಪಿನಲ್ಲಿ ಸೂಚಿಸಿರುವುದು ಗಡಿಯವರಾದ ನಮಗೆ ವಿಶೇಷವಾಗಿ ಗಮನಾರ್ಹ.

೩. ಗಂಡನ ಮನೆಗೆ ಎಳೆದು ತರುವ ಹಕ್ಕು

ಮುನಿಸಿಕೊಂಡು ತೌರಿಗೆ ಬಂದ ಹೆಂಡತಿಯನ್ನು ಕೋರ್ಟಿನ ಆಜ್ಞೆಯಿಂದ ಹಿಂದಕ್ಕೆ ಕರೆಸಬಹುದೆ? ಇದಕ್ಕೆ ಕಾನೂನಿನಲ್ಲಿ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಯ ದಾವೆ ಎಂದು ಹೆಸರು. ಇದು ಮನುವಿನಿಂದಲೂ ಬಂದುದಲ್ಲ, ಯಾಜ್ಞವಲ್ಕ್ಯನಿಂದಲೂ ಬಂದುದಲ್ಲ. ಇಂಗ್ಲೆಂಡಿನ ಮಠೀಯ ನ್ಯಾಯಾಲಯಗಳಿಂದ ಬಂದುದು. 1867ರಲ್ಲಿ ಪ್ರಿವಿ ಕೌನ್ಸಿಲು ಒಂದು ಮುಸ್ಲಿಂ ದಂಪತಿಗಳ ವ್ಯಾಜ್ಯದಲ್ಲಿ ಇಂತಹ ದಾವೆ ಇಂಡಿಯದಲ್ಲಿ ನಡೆಯಬಹುದೆಂದು ಒಪ್ಪಿತು.

ಇದರ ಕಠೋರತೆಯನ್ನು ದೇಶಕ್ಕೆ ತೋರಿಸಿದವರು ಮುಂಬಯಿಯ ರಖ್ಮಾಬಾಯಿ. ಹನ್ನೊಂದನೆಯ ವಯಸ್ಸಿನಲ್ಲಿ ಮದುವೆಯಾಗಿದ್ದ ಈ ಮಹಿಳೆ, ವಯಸ್ಸಿಗೆ ಬಂದ ಮೇಲೆ ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆಯವರು ಗಂಡನ ದಾವೆಯನ್ನು ವಜಾ ಮಾಡಿದರು. ಮೇಲ್ಮನವಿಯಲ್ಲಿ ಅದು ಬಿದ್ದುಹೋಗಿ, 1887ರ ಮಾರ್ಚಿಯಲ್ಲಿ ಗಂಡನ ಬಳಿಗೆ ಹೋಗಬೇಕು, ಇಲ್ಲವೆ ಆರು ತಿಂಗಳ ಸೆರೆವಾಸವೆಂದು ಆಜ್ಞೆಯಾಯಿತು. ಸೆರೆಮನೆಯೇ ಆಗಲಿ ಎಂದು ಅವರು ಉತ್ತರಿಸಿದರು. 1888ರಲ್ಲಿ ಗಂಡನಿಗೆ 2000 ರೂಪಾಯಿ ಕೊಟ್ಟು ರಾಜಿಯಾಯಿತು. ಆಕೆ ಲಂಡನ್ನಿಗೆ ಹೋಗಿ ವೈದ್ಯ ಕಲಿತು ಹಿಂದಿರುಗಿ ಸೂರತ್, ರಾಜಕೋಟೆಗಳಲ್ಲಿ ಡಾಕ್ಟರಾಗಿ ಜನಸೇವೆ ಮಾಡಿದರು. ಸೆರೆಯ ಶಿಕ್ಷೆಯನ್ನು 1923ರಲ್ಲಿ ಕಾಯಿದೆಯಿಂದ ತೆಗೆದರು. ಆಸ್ತಿಯ ಜಪ್ತಿ ಉಳಿಯಿತು.

1955ರ ಹಿಂದೂ ವಿವಾಹ ಕಾಯಿದೆಯ 9ನೆಯ ಪ್ರಕರಣದಲ್ಲಿ ಈ ಹಕ್ಕು ಗಂಡಹೆಂಡಿರಿಬ್ಬರಿಗೂ ಸಮಾನವಾಗಿ ದೊರೆಯಿತು. ಆದರೆ ಕಾಗದದ ಸಮಾನತೆ ಬಾಳಿನ ಸಮಾನತೆಯೆ? 1983ರಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಎ. ಚೌಧರಿಯವರು, ಚಲನಚಿತ್ರ ನಟಿಯೊಬ್ಬರ ಪ್ರಕರಣದಲ್ಲಿ, ಅಲ್ಲವೆಂದರು. ಒಲ್ಲದ ಸಹವಾಸದಿಂದ ಗರ್ಭ ಧರಿಸಬೇಕಾದವಳು ಹೆಣ್ಣೇ ಹೊರತು ಗಂಡಲ್ಲ; ತನ್ನ ದೇಹದ ಮೇಲಿನ ನಿರ್ಧಾರವನ್ನು ಸರ್ಕಾರದ ಬಲದಿಂದ ಕಸಿಯುವುದು ಸಂವಿಧಾನಕ್ಕೆ ವಿರುದ್ಧ ಎಂಬುದು ಅವರ ವಾದಸರಣಿ. ಸುಪ್ರೀಂ ಕೋರ್ಟು 1984ರಲ್ಲಿ ಇದನ್ನು ಒಪ್ಪಲಿಲ್ಲ. ಒಡೆಯುವ ಸಂಸಾರವನ್ನು ಉಳಿಸುವುದೇ ಈ ಪ್ರಕರಣದ ಗುರಿ, ಬಲಾತ್ಕಾರವಲ್ಲ ಎಂದು ಹೇಳಿ ಕಾಯಿದೆಯನ್ನು ಎತ್ತಿಹಿಡಿಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿ ಬದುಕು ಮೂಲಭೂತ ಹಕ್ಕೆಂದು ಸಾರಿದ ಮೇಲೆ ಈ ಪ್ರಶ್ನೆಗೆ ಮತ್ತೆ ಜೀವ ಬಂದಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. 2019ರಲ್ಲಿ ಕಾನೂನು ವಿದ್ಯಾರ್ಥಿಗಳು 9ನೆಯ ಪ್ರಕರಣವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು.

೪. ಸವತಿ, ತಾಳಿ ಮತ್ತು ತಿಳಿಯುವ ಭಾಷೆ

ಇಲ್ಲಿಯವರೆಗೆ ಮೈಸೂರಿನ ಬದಿ ಮುಂದಿದ್ದುದನ್ನು ಹೇಳಿದೆವು. 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಿಂದ ಮೈಸೂರು ಸಂಸ್ಥಾನವು ಕುಟುಂಬದ ವಿಭಾಗದಲ್ಲಿ ಹೆಣ್ಣಿಗೆ ಪಾಲು ಕೊಟ್ಟಿತೆಂಬುದೂ ಸ್ಮರಣೀಯ. ಆದರೆ ಇನ್ನು ಕೆಲವು ವಿಷಯಗಳಲ್ಲಿ ಮದರಾಸಿನ ಬದಿಯದೇ ಮೇಲುಗೈ. 1949ರಲ್ಲಿ ಮದರಾಸು ಶಾಸನಸಭೆಯು ಹಿಂದೂಗಳಲ್ಲಿ ದ್ವಿಪತ್ನಿತ್ವವನ್ನು ನಿಷೇಧಿಸಿ, ವಿಚ್ಛೇದಕ್ಕೆ ಅವಕಾಶವಿತ್ತಿತು. ಇಡೀ ದೇಶಕ್ಕೆ ಈ ನಿಯಮ ಬಂದುದು 1955ರ ಮೇ 18ರಂದು. ಪುತ್ರನಿಗಾಗಿ ಎರಡನೆಯ ಮದುವೆ ಮಾಡಿಕೊಳ್ಳುವುದು ಧರ್ಮವಲ್ಲವೆ ಎಂದು ಕೆಲವರು ಕೋರ್ಟಿಗೆ ಹೋದರು. 1951ರಲ್ಲಿ ಮುಂಬಯಿ ಹೈಕೋರ್ಟು, ಮಗನು ಬೇಕಾದರೆ ದತ್ತು ಇದೆಯಲ್ಲ ಎಂದಿತು. ಮದರಾಸು ಹೈಕೋರ್ಟೂ ಅದೇ ಕಾಲದಲ್ಲಿ ತನ್ನ ಪ್ರಾಂತದ ಕಾಯಿದೆಯನ್ನು ಎತ್ತಿಹಿಡಿಯಿತು.

ಜಾತಿಯ ಎಲ್ಲೆ ದಾಟಿದ ಮದುವೆಗೆ ಹೊಸೂರಿನ ನೆಲದೊಡನೆ ಒಂದು ಸಂಬಂಧವಿದೆ. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ಮಗಳು ಲಕ್ಷ್ಮಿಯವರೂ ಗಾಂಧೀಜಿಯವರ ಮಗ ದೇವದಾಸರೂ 1933ರಲ್ಲಿ ವಿವಾಹವಾದರು. ಬ್ರಾಹ್ಮಣ ಕನ್ಯೆಗೆ ವೈಶ್ಯ ವರ ಎಂಬ ಪ್ರತಿಲೋಮ ಸಂಬಂಧವನ್ನು ಅಂದಿನ ಶಾಸ್ತ್ರಬದ್ಧ ಕಾನೂನು ಒಪ್ಪುತ್ತಿರಲಿಲ್ಲ. ಅಂತಹ ಮದುವೆಗಳೆಲ್ಲ ನಿಸ್ಸಂದೇಹವಾಗಿ ಸಿಂಧುವಾದುದು 1949ರ ಕೇಂದ್ರ ಕಾಯಿದೆಯಿಂದ.

ಪುರೋಹಿತರಿಲ್ಲದೆ, ಸಪ್ತಪದಿಯಿಲ್ಲದೆ ನಡೆಯುವ ಸ್ವಯಂಮರ್ಯಾದೆಯ ಮದುವೆಗಳನ್ನು ಪೆರಿಯಾರ್ ಇ. ವೆ. ರಾಮಸ್ವಾಮಿಯವರು ತಮಿಳುನಾಡಿನಲ್ಲಿ ಪ್ರಚಾರಕ್ಕೆ ತಂದರು. 1953ರಲ್ಲಿ ಮದರಾಸು ಹೈಕೋರ್ಟು ಇಂತಹ ಮದುವೆ ಕಾನೂನಿಗೆ ಸಲ್ಲದೆಂದಿತು. ಅದರಿಂದ ಎಷ್ಟೋ ಹೆಂಡಿರ ಸ್ಥಾನವೂ ಮಕ್ಕಳ ಹಕ್ಕೂ ತೂಗುಯ್ಯಾಲೆಯಲ್ಲಿ ನಿಂತುವು. ಅಣ್ಣಾದುರೈಯವರ ಸರ್ಕಾರ 1967ರಲ್ಲಿ ಹಿಂದೂ ವಿವಾಹ ಕಾಯಿದೆಗೆ 7-ಎ ಪ್ರಕರಣವನ್ನು ಸೇರಿಸಿ, ಹಿಂದೆ ನಡೆದವನ್ನೂ ಸಿಂಧುಗೊಳಿಸಿತು. ಈ ಪ್ರಕರಣದಂತೆ ಬಂಧುಗಳ, ಸ್ನೇಹಿತರ ಅಥವಾ ಇತರರ ಸಮಕ್ಷಮದಲ್ಲಿ ವಧೂವರರು ಒಬ್ಬರನ್ನೊಬ್ಬರು ಪತಿಪತ್ನಿಯರಾಗಿ ಸ್ವೀಕರಿಸಿದೆವೆಂದು ತಮಗೆ ತಿಳಿಯುವ ಯಾವ ಭಾಷೆಯಲ್ಲಾದರೂ ಹೇಳಿದರೆ ಸಾಕು. ಹಾರ ಬದಲಾಯಿಸಿದರೂ, ಉಂಗುರ ತೊಡಿಸಿದರೂ, ತಾಳಿ ಕಟ್ಟಿದರೂ ಸಾಕು. ‘ತಿಳಿಯುವ ಭಾಷೆ’ ಎಂಬ ಮಾತನ್ನು ನಮ್ಮ ಸಂಘದವರು ಮನಸ್ಸಿನಲ್ಲಿಡಬೇಕು. ತಮಿಳುನಾಡಿನ ಈ ಶಾಸನವೇ ಹೊಸೂರಿನ ಹುಡುಗಿಗೆ ಕನ್ನಡದಲ್ಲಿ ತನ್ನ ಒಪ್ಪಿಗೆಯನ್ನು ನುಡಿಯುವ ಅಧಿಕಾರ ಕೊಟ್ಟಿದೆ.

ಈ ಪ್ರಕರಣ ಮೊದಲ ಹೆಂಡತಿಗೂ ಆಸರೆಯಾಯಿತು. ಎರಡನೆಯ ಮದುವೆಯಲ್ಲಿ ಸಪ್ತಪದಿ ನಡೆಯಲಿಲ್ಲವಾದ್ದರಿಂದ ಅದು ಮದುವೆಯೇ ಅಲ್ಲ, ನಾನು ಅಪರಾಧಿಯಲ್ಲ ಎಂದು ವಾದಿಸಿ ಪಾರಾಗುವ ಗಂಡಂದಿರಿದ್ದರು. 2001ರಲ್ಲಿ ಸುಪ್ರೀಂ ಕೋರ್ಟು, ತಮಿಳುನಾಡಿನಲ್ಲಿ 7-ಎ ಪ್ರಕಾರ ಸಪ್ತಪದಿಯಿಲ್ಲದೆಯೂ ಮದುವೆ ಪೂರ್ಣವಾಗುವುದೆಂದು ಹೇಳಿ ಆ ಬಾಗಿಲನ್ನು ಮುಚ್ಚಿತು. 2023ರ ಆಗಸ್ಟಿನಲ್ಲಿ ಇನ್ನೊಂದು ತೀರ್ಪು ಬಂದಿತು. ಇಂತಹ ಮದುವೆಗೆ ಸಾರ್ವಜನಿಕ ಸಮಾರಂಭ ಅಗತ್ಯವಿಲ್ಲ. ಮನೆಯವರ ಬೆದರಿಕೆಗೆ ಅಂಜಿದ ಜೋಡಿಗೆ ಗುಟ್ಟೇ ರಕ್ಷಣೆಯಾಗಬಹುದು ಎಂಬುದು ಅದರ ತಾತ್ಪರ್ಯ. ಆದರೆ ಅತ್ತಿಬೆಲೆಯ ಆಚೆ 7-ಎ ಇಲ್ಲ. ಅಲ್ಲಿ ಕುಲಾಚಾರದ ವಿಧಿಗಳು ಬೇಕು. ಇಲ್ಲವೆ 1954ರ ವಿಶೇಷ ವಿವಾಹ ಕಾಯಿದೆಯಂತೆ ಮೂವತ್ತು ದಿನಗಳ ನೋಟೀಸು ಬೇಕು.

ಮುಸ್ಲಿಂ ಸ್ತ್ರೀಯರ ವಿಷಯದಲ್ಲಿ ಕಾನೂನು ಗಡಿಯ ಎರಡೂ ಬದಿಗೆ ಒಂದೇ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಒಂದೇ ಉಸಿರಿನ ಮೂರು ತಲಾಖನ್ನು ಮೂವರು ನ್ಯಾಯಮೂರ್ತಿಗಳ ಬಹುಮತದಿಂದ ರದ್ದುಮಾಡಿತು. ಕೃಷ್ಣಗಿರಿಯ ಮುಸ್ಲಿಂ ಕೇರಿಗಳ ಮನೆಗಳಿಗೂ ಅದು ಮುಟ್ಟಿದ ತೀರ್ಪು.

೫. ಹೆಂಡತಿ ಗಂಡನ ಸೊತ್ತೆ?

1860ರ ದಂಡಸಂಹಿತೆಯ 497ನೆಯ ಪ್ರಕರಣ ವ್ಯಭಿಚಾರವನ್ನು ಅಪರಾಧವೆಂದಿತ್ತು. ಆದರೆ ಅದರ ಲಕ್ಷಣ ವಿಚಿತ್ರ. ಪರಪುರುಷನಿಗೆ ಮಾತ್ರ ಶಿಕ್ಷೆ. ದೂರು ಕೊಡುವ ಅಧಿಕಾರ ಗಂಡನದು. ಗಂಡನೇ ಸಮ್ಮತಿಸಿದ್ದರೆ ಅಪರಾಧವೇ ಇಲ್ಲ! ತನ್ನ ಗಂಡನು ದಾರಿ ತಪ್ಪಿದರೆ ಹೆಂಡತಿಗೆ ದೂರು ಕೊಡುವ ಹಕ್ಕಿರಲಿಲ್ಲ. ಹೊಲಕ್ಕೆ ನುಗ್ಗಿದ ದನದ ಮೇಲೆ ಹೊಲದೊಡೆಯ ದೂರು ಕೊಡುವಂತಹ ಏರ್ಪಾಡು ಇದು. 1954ರಲ್ಲಿ ಸುಪ್ರೀಂ ಕೋರ್ಟು ಇದು ಹೆಣ್ಣಿಗೆ ತೋರಿದ ವಿಶೇಷ ರಕ್ಷಣೆಯೆಂದು ಸಮರ್ಥಿಸಿತು. 1985ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಪೀಠವೂ ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 27ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಇದನ್ನು ತೊಡೆದುಹಾಕಿದರು. ಹೆಂಡತಿ ಗಂಡನ ಸೊತ್ತಲ್ಲವೆಂದರು. ಆ ಐವರಲ್ಲಿ ಹಿಂದಿನ ಮುಖ್ಯ ನ್ಯಾಯಮೂರ್ತಿಗಳ ಮಗ ಡಿ. ವೈ. ಚಂದ್ರಚೂಡರೂ, ಸ್ತ್ರೀಯಾದ ಇಂದು ಮಲ್ಹೋತ್ರರೂ ಇದ್ದರು. ತಂದೆಯ ತೀರ್ಪನ್ನು ಮಗನು ಬದಲಿಸಿದ ಈ ನಿದರ್ಶನ ನ್ಯಾಯವೂ ಕಲಿಯುತ್ತದೆಂಬುದಕ್ಕೆ ಸಾಕ್ಷಿ. ವ್ಯಭಿಚಾರ ವಿಚ್ಛೇದಕ್ಕೆ ಕಾರಣವಾಗಿ ಉಳಿದಿದೆ. ಸೆರೆಮನೆಗೆ ಕಾರಣವಾಗಿ ಉಳಿದಿಲ್ಲ.

ಇನ್ನೊಂದು ಪ್ರಶ್ನೆ ಬಗೆಹರಿದಿಲ್ಲ. ವಯಸ್ಕಳಾದ ಹೆಂಡತಿಯ ಮೇಲಿನ ಗಂಡನ ಬಲಾತ್ಕಾರವನ್ನು ಅತ್ಯಾಚಾರವೆಂದು ಎಣಿಸಬೇಕೆ ಎಂಬುದೇ ಅದು. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು, ಗಂಡನೆಂಬ ಕಾರಣದಿಂದ ಕೃತ್ಯದ ಸ್ವರೂಪ ಬದಲಾಗದೆಂದು ಹೇಳಿ, ಒಬ್ಬ ಗಂಡನ ಮೇಲಿನ ಆರೋಪವನ್ನು ರದ್ದುಮಾಡಲು ನಿರಾಕರಿಸಿದರು. ಅದೇ ವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ನೀಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಹಳೆಯ ವಿನಾಯಿತಿ ಉಳಿದುಕೊಂಡಿತು.

ಮದುವೆಯ ಆಯ್ಕೆಯ ಸ್ವಾತಂತ್ರ್ಯವನ್ನು ಕುರಿತು 2018ರ ಮಾರ್ಚ್ 27ರ ತೀರ್ಪು ಸ್ಪಷ್ಟವಾಗಿದೆ. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ, ಕುಲದವರ ಅನುಮತಿ ಬೇಕಿಲ್ಲ. 2021ರ ಫೆಬ್ರವರಿಯಲ್ಲಿ ಬೆಳಗಾವಿ ಜಿಲ್ಲೆಯ ಒಂದು ಪ್ರಕರಣ ಸುಪ್ರೀಂ ಕೋರ್ಟನ್ನು ಮುಟ್ಟಿತು. ತನ್ನಿಚ್ಛೆಯಿಂದ ಮದುವೆಯಾಗಿ ದೆಹಲಿಗೆ ಹೋಗಿದ್ದ ಕಾಲೇಜು ಅಧ್ಯಾಪಕಿಯನ್ನು ಹಿಂದಕ್ಕೆ ಬಂದು ಹೇಳಿಕೆ ಕೊಡುವಂತೆ ಪೋಲೀಸರು ಒತ್ತಾಯಿಸಿದ್ದನ್ನು ನ್ಯಾಯಾಲಯ ಖಂಡಿಸಿ, ಮೊಕದ್ದಮೆಯನ್ನು ರದ್ದುಪಡಿಸಿತು. ಆಕೆಯೂ ನಮ್ಮಂತೆ ಪಾಠ ಹೇಳುವವಳು.

ಆದರೆ ತೀರ್ಪು ಬೇರೆ, ಊರು ಬೇರೆ. 2018ರ ಮಾರ್ಚಿಯಲ್ಲಿ ಆ ತೀರ್ಪು ಬಂದಿತು. ಅದೇ ವರ್ಷ ನವೆಂಬರಿನಲ್ಲಿ ಹೊಸೂರಿನ ಸಮೀಪದ ಹಳ್ಳಿಯೊಂದರ ನವದಂಪತಿಗಳ ಶವಗಳು ಗಡಿಯಾಚೆಯ ಕಾವೇರಿಯಲ್ಲಿ ದೊರೆತುವು. ಜಾತಿ ಮೀರಿ ಮದುವೆಯಾದುದೇ ಅವರ ತಪ್ಪು. ಆಗ ಈ ಗಡಿಯನ್ನು ದಾಟಿದುದು ಕಾನೂನಲ್ಲ, ಕ್ರೌರ್ಯ.

೬. ಉಪಾಧ್ಯಾಯರಿಗೇಕೆ ಈ ವಿಚಾರ?

ಈ ಚರಿತ್ರೆಯಿಂದ ನಾವು ಎರಡು ಸಂಗತಿಗಳನ್ನು ಕಲಿಯುತ್ತೇವೆ. ಯಾವುದನ್ನು ಅನಾದಿಯಾದ ಧರ್ಮವೆಂದು ಮನೆಯಲ್ಲಿ ಹೇಳುತ್ತಾರೋ ಅದು ಅನೇಕ ವೇಳೆ ಒಂದು ಮೈಲಿಕಲ್ಲಿನವರೆಗೆ ಮಾತ್ರ ಧರ್ಮ. ಗಡಿಯವರಿಗೆ ತಿಳಿಯುವಷ್ಟು ಇದು ನಡುನಾಡಿನವರಿಗೆ ತಿಳಿಯದು. ಮನುಷ್ಯರು ಮಾಡಿದ ಕಟ್ಟನ್ನು ಮನುಷ್ಯರು ಸಡಿಲಿಸಬಹುದು. ನೂರಮೂವತ್ತು ವರ್ಷಗಳಲ್ಲಿ ಎರಡೂ ಬದಿಯವರು ಒಬ್ಬರಿಂದೊಬ್ಬರು ಕಲಿತು ಹಾಗೆ ಸಡಿಲಿಸುತ್ತಲೇ ಬಂದಿದ್ದಾರೆ.

ಎರಡನೆಯದು, ಹಕ್ಕು ತಿಳಿಯುವ ಭಾಷೆಯಲ್ಲಿ ತಲುಪದಿದ್ದರೆ ಇಲ್ಲದಂತೆಯೇ. ನಮ್ಮ ಕಡೆಯ ಕನ್ನಡದ ಹೆಣ್ಣುಮಗಳಿಗೆ ಕೋರ್ಟಿನ ಕಾಗದ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ಅದನ್ನು ಓದಿ ಹೇಳುವವನು ಸಾಮಾನ್ಯವಾಗಿ ಅವಳ ಎದುರುವಾದಿಯ ನಂಟನಾಗಿರುತ್ತಾನೆ!

ಬೇಸಿಗೆಯ ರಜ ಕಳೆದು ಶಾಲೆ ತೆರೆದ ದಿನ ನಾವು ಹಾಜರಿ ಕರೆಯುತ್ತೇವೆ. ಒಂದು ಹೆಸರಿಗೆ ಉತ್ತರ ಬರುವುದಿಲ್ಲ. ಪಕ್ಕದ ಹುಡುಗಿ ತಲೆ ತಗ್ಗಿಸುತ್ತಾಳೆ. ಎರಡು ವಾರ ‘ಗೈರು’ ಎಂದು ಬರೆದು ಆಮೇಲೆ ಹೆಸರು ಹೊಡೆಯುತ್ತೇವೆ. ನಮ್ಮಲ್ಲಿ ಅನೇಕರು ಹೀಗೆ ಹೆಸರು ಹೊಡೆದಿದ್ದೇವೆ; ವಿಚಾರಿಸದೆ ಸುಮ್ಮನಾಗಿದ್ದೇವೆ ಎಂಬುದನ್ನು ಒಪ್ಪಿಕೊಳ್ಳಬೇಕು. 2025ರ ಮಾರ್ಚಿಯಲ್ಲಿ ನಮ್ಮ ಜಿಲ್ಲೆಯ ಬೆಟ್ಟದ ಹಳ್ಳಿಯೊಂದರ ಹದಿನಾಲ್ಕು ವರ್ಷದ ಹುಡುಗಿಯನ್ನು ಬೆಂಗಳೂರಿನಲ್ಲಿ ಮದುವೆ ಮಾಡಿಸಿ, ಅವಳು ಒಲ್ಲೆನೆಂದಾಗ ಬಲವಂತವಾಗಿ ಹೊತ್ತುಕೊಂಡು ಹೋದ ವಾರ್ತೆಯನ್ನು ಪತ್ರಿಕೆಗಳಲ್ಲಿ ಓದಿದೆವು. ತಾಳಿ ಬಿದ್ದ ನೆಲದಲ್ಲಿ ಅಂತಹ ಮದುವೆ ಮೊದಲಿನಿಂದಲೇ ಅಸಿಂಧು. ಅವಳ ತೌರಿನ ನೆಲದಲ್ಲಿ ಕೋರ್ಟಿಗೆ ಹೋಗಿ ರದ್ದುಪಡಿಸಿಕೊಳ್ಳಬೇಕಾದುದು. ಈ ಸೂಕ್ಷ್ಮವನ್ನು ವಕೀಲರು ಚರ್ಚಿಸಲಿ. ಎರಡು ಬದಿಯಲ್ಲಿಯೂ ಅದು ಅಪರಾಧ ಎಂಬುದರಲ್ಲಿ ಚರ್ಚೆಯಿಲ್ಲ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಬಾಲ್ಯವಿವಾಹದ ವಿಷಯದಲ್ಲಿ ಶಿಕ್ಷೆಗಿಂತ ಮುಂಚಿತವಾದ ತಡೆಯೇ ಮುಖ್ಯವೆಂದು ಹೇಳಿತು. ತಡೆಯತಕ್ಕವರಲ್ಲಿ ಮೊದಲಿಗರು ಹಾಜರಿ ಪುಸ್ತಕ ಹಿಡಿದ ನಾವೇ ಅಲ್ಲವೆ?

ಆದುದರಿಂದ ನಮ್ಮ ಸಂಘದ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಉತ್ತರ ಬಾರದ ಹೆಸರಿಗೆ ಗೆರೆ ಎಳೆಯುವ ಮುನ್ನ ಆ ಮನೆಯ ಬಾಗಿಲಿಗೆ ಒಮ್ಮೆ ಹೋಗಿ ಬರೋಣ. ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ತರಗತಿಯ ಗೋಡೆಯ ಮೇಲೆ ಬರೆಯಿಸೋಣ. ಈ ತೀರ್ಪುಗಳ ಸಾರವನ್ನು ಹುಡುಗಿಯರಿಗೂ, ಅದಕ್ಕಿಂತ ಮುಖ್ಯವಾಗಿ ಹುಡುಗರಿಗೂ, ಅವರ ಮನೆಮಾತಿನಲ್ಲಿ ತಿಳಿಸೋಣ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ಹಂಬಲಿಸುತ್ತೇವೆ. ಒಬ್ಬ ಹುಡುಗಿ ತನ್ನ ಬಾಳಿನ ವಿಷಯದಲ್ಲಿ ‘ಒಲ್ಲೆ’ ಎಂದು ಹೇಳುವುದಕ್ಕೂ, ‘ಒಪ್ಪಿದೆ’ ಎಂದು ಹೇಳುವುದಕ್ಕೂ ಆ ಕನ್ನಡ ಒದಗಿದರೆ, ಅದು ಉಳಿದುದಕ್ಕೆ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.